ಹಗ್ಗದಂಗಡಿಯವರ ಕಾಣದ ಬೇಲಿ

ಮೊನ್ನೆ ಅಟ್ಟದಿಂದ ದೊಡ್ಡ ಇಡ್ಲಿ ಪಾತ್ರೆ ಇಳಿಸೋಣವೆಂದು ಸ್ಟೂಲು ಹತ್ತಿದೆ. ಪಾತ್ರೆ ಬರಲಿಲ್ಲ. ಅದರ ಹಿಂದೆ ಸಿಕ್ಕಿಕೊಂಡಿದ್ದ ಬಿಳಿ ಬಾವುಟಗಳ ಕಟ್ಟೊಂದು ತಲೆಯ ಮೇಲೆ ಬಿತ್ತು. ಅಂಗೈಯಗಲದ ಪ್ಲಾಸ್ಟಿಕ್ ಬಾವುಟಗಳು, ಒಂದೊಂದಕ್ಕೂ ಉದ್ದನೆಯ ತಂತಿಕಡ್ಡಿ. ಈಗ ಯಾರಾದರೂ ನೋಡಿದರೆ ಯಾವ ಪಕ್ಷದ್ದು ಎಂದು ಕೇಳಿಯಾರು. ಪಕ್ಷದ್ದಲ್ಲ, ನಮ್ಮ ನಾಯಿಯದ್ದು. ಧೂಳು ಕೊಡವುತ್ತಾ ಸ್ಟೂಲಿನ ಮೇಲೆಯೇ ಕೂತುಬಿಟ್ಟೆ. ಆವತ್ತು ಮನೆಯವರಿಗೆಲ್ಲ ಉಪ್ಪಿಟ್ಟೇ ಗತಿಯಾಯಿತು.

ನಮ್ಮ ಮಾವನವರಿಗೆ ದೇವರಾಜ ಮೊಹಲ್ಲಾದಲ್ಲಿ ಹಗ್ಗದ ಅಂಗಡಿ ಇತ್ತು. ಹಗ್ಗದ ಮಾದಪ್ಪ ಎಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ತೆಂಗಿನ ನಾರಿನದು, ಕತ್ತಾಳೆಯದು, ನೈಲಾನಿನದು, ಬಾವಿಗೆ, ಎತ್ತಿಗೆ, ತೊಟ್ಟಿಲಿಗೆ, ಲಾರಿಯ ಟಾರ್ಪಾಲಿಗೆ ಎಂದು ಹಗ್ಗದಲ್ಲಿ ಅದೆಷ್ಟು ಜಾತಿಯಿದೆ ಎಂದು ನನಗೆ ತಿಳಿದಿದ್ದು ಆ ಮನೆಗೆ ಸೊಸೆಯಾಗಿ ಬಂದ ಮೇಲೆ. ಮಾವ ಯಾವುದೇ ಹಗ್ಗವನ್ನು ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ಉಜ್ಜಿ, ಎಷ್ಟು ಭಾರ ತಡೆಯುತ್ತದೆ ಎಂದು ಹೇಳುತ್ತಿದ್ದರು. ಇಂಥವರ ಮನೆಯ ನಾಯಿಯನ್ನು ಮಾತ್ರ ಯಾವ ಹಗ್ಗದಲ್ಲೂ ಕಟ್ಟಿಹಾಕಲು ಆಗುತ್ತಿರಲಿಲ್ಲ.

ಅವಳ ಹೆಸರು ರಾಗಿ. ತೊಂಬತ್ತರ ದಶಕದ ಕೊನೆಗೆ ನಾವು ಗೋಕುಲಂನಲ್ಲಿ ಮನೆ ಕಟ್ಟಿಸುತ್ತಿದ್ದಾಗ, ಮುಂದೆ ಸುರಿದಿದ್ದ ಮರಳಿನ ಗುಡ್ಡೆಯ ಮೇಲೆ ಹುಟ್ಟಿದವಳು. ಬಣ್ಣ ರಾಗಿಯದು, ಹೆಸರೂ ಅದೇ ಆಯಿತು. ಗೃಹಪ್ರವೇಶದ ದಿನ ಹಸುವಿನ ಹಿಂದೆಯೇ ಒಳಗೆ ಬಂದು ಹೋಮದ ಪಕ್ಕ ಮಲಗಿದಳು. ಯಾರೂ ಕರೆದಿರಲಿಲ್ಲ, ಯಾರೂ ಓಡಿಸಲಿಲ್ಲ. ಮಾವ ಮಾತ್ರ, “ನಾಯಿ ಇರ್ಲಿ, ಆದ್ರೆ ನನ್ ಪಂಚೆ ಮುಟ್ಟುದ್ರೆ ಸರಿಗಿರಲ್ಲ” ಅಂದರು. ಆಮೇಲೆ ವರ್ಷಗಟ್ಟಲೆ ಅವಳು ಅವರ ಪಂಚೆ ಮುಟ್ಟಲಿಲ್ಲ, ಅವರು ಅವಳ ತಲೆ ಮುಟ್ಟಲಿಲ್ಲ. ಒಂದೇ ಬೀದಿಯ ಎರಡು ಅಂಗಡಿಯವರ ಹಾಗೆ ದೂರದಿಂದಲೇ ಗೌರವ.

ನಾರಿನ ಹಗ್ಗದಲ್ಲಿ ಕಟ್ಟಿದರೆ ಮಧ್ಯಾಹ್ನದೊಳಗೆ ಕಡಿದುಹಾಕುತ್ತಿದ್ದಳು. ನೈಲಾನಿಗೆ ಸಂಜೆಯ ತನಕ ಬೇಕಾಗುತ್ತಿತ್ತು. ಸರಪಳಿ ಹಾಕಿದೆವು, ಅನ್ನ ಬಿಟ್ಟಳು. ಹೀಗಾಗಿ ಕಟ್ಟಿಲ್ಲದೇ ಇರುತ್ತಿದ್ದಳು. ಇದ್ದರೆ ಏನೂ ತೊಂದರೆಯಿರಲಿಲ್ಲ, ಅವಳಿಗೊಂದು ಚಾಳಿ ಇಲ್ಲದಿದ್ದರೆ. ಸ್ಕೂಟರು, ಸೈಕಲ್ಲು, ಆಟೋ ಯಾವುದೂ ಅವಳ ಲೆಕ್ಕಕ್ಕಿರಲಿಲ್ಲ. ಎದುರು ಮನೆಯ ಕಮಲಮ್ಮನವರ ಮೊಪೆಡ್ಡಿನ ಟುರ್ ಎನ್ನುವ ಸದ್ದು ಕೇಳಿದರೆ ಮಾತ್ರ ಮೈಮೇಲೆ ಬಂದವಳ ಹಾಗೆ ಗೇಟು ದಾಟಿ ಓಡುತ್ತಿದ್ದಳು.

ಕಮಲಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಒಂದು ದಿನ ಬೆಳಿಗ್ಗೆ, ಸೆರಗು ಸಿಕ್ಕಿಸಿಕೊಂಡು ಶಾಲೆಗೆ ಹೊರಟವರು, ಹಿಂದೆ ಬೊಗಳುತ್ತಾ ಬಂದ ರಾಗಿಯನ್ನು ತಪ್ಪಿಸಲು ಹೋಗಿ ಮೋರಿಯ ಪಕ್ಕ ಬಿದ್ದರು. ಮಣಿಕಟ್ಟು ಮುರಿಯಿತು. ಮಾವ ಹಣ್ಣು ತೆಗೆದುಕೊಂಡು ನೋಡಲು ಹೋದರು, ನಾನೂ ಜೊತೆಗೆ. ಕಮಲಮ್ಮ ಕೂಗಾಡಿದ್ದರೆ ವಾಸಿಯಿತ್ತು. ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸಮಾಧಾನವಾಗಿ ಹೇಳಿದರು:

“ನೋಡ್ರೀ, ನಂಗೆ ನಾಯಿ ಮೇಲೆ ದ್ವೇಷ ಇಲ್ಲ. ಆದ್ರೆ ಇನ್ನೊಂದ್ಸಲ ಇಂಗಾದ್ರೆ ಕಾರ್ಪೊರೇಷನ್ ಗಾಡಿಯವರಿಗೆ ಫೋನ್ ಮಾಡ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡಿ.”

“ಆ ಕಷ್ಟ ನಿಮಗ್ಯಾಕೆ ಮೇಡಂ,” ಮಾವ ಅಂದರು, “ಇನ್ನೊಂದ್ಸಲ ಅದು ಗೇಟು ದಾಟ್ಲಿ, ನಾನೇ ತಗೊಂಡೋಗಿ ಮಂಡಕಳ್ಳಿ ತೋಟಕ್ಕೆ ಬುಟ್ಬುಟ್ ಬತ್ತೀನಿ. ನನ್ ಮಾತು ಇದು.”

ಮಂಡಕಳ್ಳಿಯಲ್ಲಿ ಮಾವನ ತಮ್ಮನದೊಂದು ತೋಟ. ಅಲ್ಲಿ ಆಗಲೇ ಮೂರು ನಾಯಿಗಳಿದ್ದವು, ಹಗಲೆಲ್ಲ ಸರಪಳಿಯಲ್ಲಿ, ಕತ್ತಲಾದ ಮೇಲೆ ಹಂದಿ ಓಡಿಸಲು. ನಮ್ಮ ರಾಗಿ ಮೊಸರನ್ನದಲ್ಲಿ ಒಗ್ಗರಣೆಯ ಸಾಸಿವೆಯನ್ನು ನಾಲಿಗೆಯಿಂದ ಬೇರ್ಪಡಿಸಿ ಆಚೆ ಇಡುವವಳು. ಅಲ್ಲಿ ಒಂದು ವಾರ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಾವನ ಮಾತು ಬದಲಾಗುವುದಿಲ್ಲ ಎಂದೂ ಗೊತ್ತಿತ್ತು. ಮಾರ್ಕೆಟ್ಟಿನವರು ಅವರ ಬಾಯಿಮಾತಿನ ಮೇಲೆ ಲಾರಿಗಟ್ಟಲೆ ಸರಕು ಇಳಿಸುತ್ತಿದ್ದರು.

ಆಗ ನಮ್ಮ ಮಹಡಿಯ ಮೇಲೆ ಮಾರ್ಥಾ ಎಂಬ ಅಮೆರಿಕದ ಹೆಂಗಸು ಬಾಡಿಗೆಗಿದ್ದರು. ಯೋಗ ಕಲಿಯಲು ಬಂದವರು. ಕೋಳಿ ಕೂಗುವ ಮುಂಚೆ ಎದ್ದು ಹೋಗಿ, ನಾವು ಹಲ್ಲುಜ್ಜುವ ಹೊತ್ತಿಗೆ ಬೆವೆತು ಬರುತ್ತಿದ್ದರು. ನಮ್ಮ ಕಷ್ಟ ಕೇಳಿ, “ನಮ್ಮ ಊರಲ್ಲಿ ಇದಕ್ಕೆ ಕಾಣದ ಬೇಲಿ ಇದೆ” ಎಂದು ತಮ್ಮ ಹರಕುಮುರುಕು ಕನ್ನಡದಲ್ಲಿ ಹೇಳಿದರು. ಮುಂದಿನ ತಿಂಗಳು ಅಲ್ಲಿಂದ ಬರುವ ಗೆಳತಿಯ ಕೈಯಲ್ಲಿ ಒಂದು ಪೆಟ್ಟಿಗೆ ತರಿಸಿಯೂಬಿಟ್ಟರು.

ಬೇಲಿ ಕಾಣುವುದಿಲ್ಲ ಎಂದರೆ ನನಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ನಾನು ಬೆಳೆದದ್ದು ನಂಜನಗೂಡಿನ ಆಚೆಯ ಹಳ್ಳಿಯಲ್ಲಿ. ನಮ್ಮ ಹಿತ್ತಲಿನ ಬೇಲಿಯೆಂದರೆ ಒಂದು ಸಂಸಾರ. ಕಳ್ಳಿಯ ಮೇಲೆ ತೊಂಡೆಬಳ್ಳಿ, ಅದರ ಮೇಲೆ ಅಜ್ಜಿಯ ಒದ್ದೆ ಸೀರೆ, ಸೀರೆಯ ಮೇಲೆ ಏರೋಪ್ಲೇನ್ ಚಿಟ್ಟೆ. ಈಚೆಯಿಂದ ಅಮ್ಮ, ಆಚೆಯಿಂದ ಪಕ್ಕದ ಮನೆಯ ಚಿಕ್ಕತಾಯಮ್ಮ, ನಡುವೆ ಸಾರಿನ ಬಟ್ಟಲು. ತೊಂಡೆಕಾಯಿ ಯಾರ ಕಡೆ ತಿರುಗಿದೆಯೋ ಅವರದ್ದು. ನಾವು ಹುಡುಗಿಯರು ಬೇಲಿಯ ಸಂದಿಯಲ್ಲಿ ನುಸುಳಿ ಲಂಗ ಹರಿದುಕೊಂಡು ಬೈಸಿಕೊಳ್ಳುತ್ತಿದ್ದೆವು. ಬಟ್ಟೆ ಒಣಹಾಕಲಾಗದ, ಬಟ್ಟಲು ದಾಟಿಸಲಾಗದ ಬೇಲಿಯನ್ನು ಬೇಲಿ ಎನ್ನುವುದಾದರೂ ಹೇಗೆ ಎಂಬ ಅನುಮಾನ ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಕಾಣದ ಬೇಲಿಯ ಮರ್ಮ ಇಷ್ಟು. ಕಾಂಪೌಂಡಿನ ಒಳಗೆ ಸುತ್ತಲೂ ಗೇಣುದ್ದ ಆಳಕ್ಕೆ ಒಂದು ತಂತಿ ಹೂಳಬೇಕು. ತಂತಿಯ ಎರಡು ತುದಿಯನ್ನೂ ವರಾಂಡದ ಗೋಡೆಗೆ ಹೊಡೆದ ಒಂದು ಪೆಟ್ಟಿಗೆಗೆ ಸಿಕ್ಕಿಸಬೇಕು. ನಾಯಿಯ ಕುತ್ತಿಗೆಗೆ ಒಂದು ಪಟ್ಟಿ, ಪಟ್ಟಿಯಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬಿ, ಡಬ್ಬಿಗೆ ಎರಡು ಲೋಹದ ಮೊಳೆ. ನಾಯಿ ತಂತಿಯ ಹತ್ತಿರ ಬಂದರೆ ಡಬ್ಬಿ ಕೀಂಯ್ ಎನ್ನುತ್ತದೆ. ಇನ್ನೂ ಮುಂದೆ ಹೋದರೆ ಮೊಳೆಯಲ್ಲಿ ಚುರುಕ್ಕೆಂದು ಶಾಕ್ ಕೊಡುತ್ತದೆ. ಬಾವುಟಗಳು ಮೊದಲ ಕೆಲವು ವಾರಗಳಿಗೆ ಮಾತ್ರ, ಗೆರೆ ಎಲ್ಲಿದೆ ಎಂದು ನಾಯಿಗೆ ಕಲಿಸಲು.

ಮಾವ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಕಣ್ಗೇ ಕಾಣ್ದಿದ್ದ ಮ್ಯಾಲೆ ಇದನ್ನ ಅಳತೆ ಮಾಡಿ ಮಾರೋದು ಎಂಗೆ?” ಎಂದರು. ವ್ಯಾಪಾರಿಯ ನೋವು ಅದು.

ತಂತಿ ಹೂಳಿ, ಅದರ ಉದ್ದಕ್ಕೂ ಬಾವುಟ ನೆಟ್ಟೆವು. ಶಾಕ್ ಎಷ್ಟಿರುತ್ತದೆ ಎಂದು ತಿಳಿಯದೆ ರಾಗಿಯ ಕುತ್ತಿಗೆಗೆ ಕಟ್ಟಲು ನನಗೆ ಮನಸ್ಸು ಬರಲಿಲ್ಲ. ಪಟ್ಟಿಯನ್ನು ಅಂಗೈಯಲ್ಲಿ ಹಿಡಿದು ಗೆರೆಯ ಕಡೆಗೆ ನಡೆದೆ. ಕೀಂಯ್ ಎಂದಿತು, ನಿಲ್ಲಲಿಲ್ಲ. ಚುರುಕ್ಕೆಂದಾಗ ಪಟ್ಟಿಯನ್ನು ಗಾಳಿಗೆ ಎಸೆದು, ಮೂರು ಬಾವುಟ ಮುರಿದು, ದಾಸವಾಳದ ಗಿಡದ ಮೇಲೆ ಕೂತೆ. ಮಾವ, “ಅಯ್ಯೋ, ಇಷ್ಟಕ್ಕಾ,” ಎಂದು ತಾವೂ ಹಿಡಿದು ನೋಡಿದರು. ಏನೂ ಆಗದವರ ಹಾಗೆ ಪಟ್ಟಿ ವಾಪಸು ಕೊಟ್ಟು ಒಳಗೆ ಹೋದರು. ಊಟಕ್ಕೆ ಕೂತಾಗಲೂ ಅಂಗೈ ಉಜ್ಜಿಕೊಳ್ಳುತ್ತಲೇ ಇದ್ದರು.

ರಾಗಿ ನಮ್ಮಿಬ್ಬರಿಗಿಂತ ಬೇಗ ಕಲಿತಳು. ಎರಡು ಸಲ ಚುರುಕ್ಕೆಂದ ಮೇಲೆ ಬಾವುಟ ಕಂಡರೇ ಹಿಂದೆ ಸರಿಯುತ್ತಿದ್ದಳು. ಮೂರನೇ ವಾರ ಬಾವುಟ ಕಿತ್ತೆವು. ಆಗಲೂ ಗೇಟಿನಿಂದ ಮೂರಡಿ ಈಚೆಗೆ, ಯಾರೋ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ, ಅಲ್ಲೇ ನಿಲ್ಲುತ್ತಿದ್ದಳು. ಬೊಗಳುವುದೆಲ್ಲ ಅಲ್ಲಿಂದಲೇ. ಕಮಲಮ್ಮನವರ ಮೊಪೆಡ್ ಮಾತ್ರ ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಕೈ ಕೂಡಿಕೊಂಡಿತ್ತು, ಧೈರ್ಯ ಕೂಡಿಕೊಂಡಿರಲಿಲ್ಲ. ಅವರು ಶಾಲೆಗೆ ಬಸ್ಸಿನಲ್ಲಿ ಹೋಗುತ್ತಿದ್ದರು. ದಿನಾ ಅವರು ಬಸ್ ಸ್ಟಾಪಿನ ಕಡೆ ನಡೆಯುವುದನ್ನು ಕಂಡಾಗ ನನಗೆ ನಾಚಿಕೆಯಾಗುತ್ತಿತ್ತು.

ನಾಯಿ ಪಾಸಾಯಿತು, ಬೇಲಿ ನಪಾಸಾಗತೊಡಗಿತು. ಮಾರ್ಥಾ ಅಷ್ಟು ಹೊತ್ತಿಗೆ ತಮ್ಮ ದೇಶಕ್ಕೆ ಹೋಗಿಯಾಗಿತ್ತು. ವರಾಂಡದ ಪೆಟ್ಟಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಕಿಂವ್ ಕಿಂವ್ ಎಂದು ಅಳಲು ಶುರುಮಾಡಿತು. ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಕದ ಪ್ರಕಾರ, ಮಣ್ಣಿನೊಳಗೆ ತಂತಿ ಎಲ್ಲೋ ತುಂಡಾಗಿದೆ. ಎಲ್ಲಿ? ಅದನ್ನು ಪುಸ್ತಕ ಹೇಳುವುದಿಲ್ಲ. ನಮ್ಮ ಯಜಮಾನರು ಇಂಥ ಹೊತ್ತಿಗೆ ಸರಿಯಾಗಿ ಆಫೀಸಿನಲ್ಲಿ ಆಡಿಟ್ ತಂದುಕೊಳ್ಳುವ ಪೈಕಿ. ನಾನೇ ನನ್ನ ಬ್ಯಾಂಕಿನ ಕೆಲಸ ಮುಗಿಸಿ ಬರುವಾಗ ಇಂಟರ್ನೆಟ್ ಸೆಂಟರಿಗೆ ಹೋಗಿ ಮಾರ್ಥಾಗೆ ಬರೆದೆ. ಹಳೆಯ ರೇಡಿಯೋ ಹಿಡಿದು ತಂತಿಯ ಮೇಲೆ ನಡೆಯಿರಿ, ತಂತಿ ಸರಿಯಿರುವ ಕಡೆ ಗುಂಯ್ ಎನ್ನುತ್ತದೆ, ತುಂಡಾದ ಕಡೆ ಸದ್ದು ನಿಲ್ಲುತ್ತದೆ ಎಂದು ಉತ್ತರ ಬಂತು.

ಭಾನುವಾರ ಬೆಳಿಗ್ಗೆ ಮಾವನ ಟ್ರಾನ್ಸಿಸ್ಟರ್ ಹಿಡಿದು, ಸೊಂಟ ಬಗ್ಗಿಸಿ, ನೆಲದ ಹತ್ತಿರ ಕಿವಿಯಿಟ್ಟುಕೊಂಡು ಕಾಂಪೌಂಡಿನ ಸುತ್ತ ನಡೆದೆ. ಹಿಂದೆ ಕುಡುಗೋಲು ಹಿಡಿದು ಮಾವ, ಅವರ ಹಿಂದೆ ರಾಗಿ. ಸೊಪ್ಪು ಮಾರಿಕೊಂಡು ಬಂದ ಹೆಂಗಸು ಗೇಟಿನಾಚೆ ಬುಟ್ಟಿ ಇಳಿಸಿ ನಿಂತಳು.

“ಏನ್ ಕಳ್ದೋಯ್ತವ್ವ?”

“ಬೇಲಿ,” ಅಂದೆ.

ಅವಳು ಕಾಂಪೌಂಡನ್ನು ನೋಡಿದಳು, ಗೇಟನ್ನು ನೋಡಿದಳು, ನನ್ನನ್ನು ನೋಡಿದಳು. ಬುಟ್ಟಿ ಎತ್ತಿಕೊಂಡು ಮುಂದೆ ಹೋದಳು. ಆಮೇಲೆ ಒಂದು ವಾರ ನಮ್ಮ ಮನೆಗೆ ಸೊಪ್ಪು ಹಾಕಲಿಲ್ಲ.

ಹೆಗ್ಗಣ ಕಡಿದಿತ್ತು, ಸಂಪಿಗೆ ಮರದ ಬುಡದಲ್ಲಿ. ಎರಡು ತುದಿ ಸುಲಿದು, ತಿರುಚಿ, ಟೇಪು ಸುತ್ತಿದೆವು. ಮಳೆ ಬಂದು ಟೇಪಿನೊಳಗೆ ನೀರು ಹೋಯಿತು, ಮತ್ತೆ ಅಳು. ಈ ಸಲ ಗಂಟಿನ ಮೇಲೆ ಮೇಣದ ಬತ್ತಿ ಕರಗಿಸಿ ಸುರಿದೆ, ನಿಂತಿತು. ಆಮೇಲೆ ಡಬ್ಬಿಯ ಬ್ಯಾಟರಿ ಮುಗಿಯಿತು. ಅದು ಕ್ಯಾಮೆರಾದವರ ಹತ್ತಿರ ಮಾತ್ರ ಸಿಗುವ ಪುಟಾಣಿ ಬ್ಯಾಟರಿ. ಅಂಗಡಿಯವನು “ಯಾವ ಕ್ಯಾಮೆರಾ ಮೇಡಂ?” ಎಂದು ಕೇಳಿದ. ನಾಯಿಗೆ ಎಂದು ಹೇಳಲು ಬಾಯಿ ಬರದೆ, ಮನೆಯವರನ್ನು ಕೇಳಿ ಹೇಳುತ್ತೇನೆ ಎಂದು ತಂದೆ. ಚಳಿಗಾಲದಲ್ಲಿ ರಾಗಿಗೆ ಕೂದಲು ದಟ್ಟವಾಗಿ ಮೊಳೆ ಚರ್ಮಕ್ಕೆ ತಾಗುತ್ತಿಲ್ಲವೆಂದು ಕುತ್ತಿಗೆಗೆ ಕ್ಷೌರ ಮಾಡಿದೆ. ನೋಡಿದವರು ಹುಳುಕಡ್ಡಿಯಾಗಿದೆಯಾ ಎಂದು ಔಷಧಿ ಹೇಳಿದರು. ಮಾವ ಇದೆಲ್ಲವನ್ನೂ ದೂರ ನಿಂತು ನೋಡುತ್ತಾ, “ನಮ್ ಅಂಗ್ಡೀಲಿ ಹಗ್ಗ ತಗೊಂಡೋದೋರು ಇವತ್ತಿನ ತಂಕ ಯಾರೂ ರಿಪೇರಿಗೆ ಬಂದಿಲ್ಲ ಕಣಮ್ಮ,” ಎನ್ನುತ್ತಿದ್ದರು.

ಹೀಗೆ ಹೇಳುತ್ತಿದ್ದವರೇ ಆಯುಧಪೂಜೆಯ ದಿನ ಆ ಎಡವಟ್ಟು ಮಾಡಿದರು.

ಆಯುಧಪೂಜೆಯೆಂದರೆ ಮಾವನಿಗೆ ಹಬ್ಬದ ಹಬ್ಬ. ವರ್ಷವಿಡೀ ದುಡಿದ ಪ್ರತಿಯೊಂದು ಯಂತ್ರಕ್ಕೂ ಆವತ್ತು ಸ್ನಾನ, ವಿಭೂತಿ, ಹೂವು, ಜೊತೆಗೆ ರಜೆ. ಅಂಗಡಿಯ ತಕ್ಕಡಿ, ಕತ್ತರಿ, ಮನೆಯ ಹೊಲಿಗೆ ಯಂತ್ರ, ಮಿಕ್ಸಿ, ಎಲ್ಲ ದೇವರ ಮುಂದೆ ಸಾಲಾಗಿ ಕೂರಬೇಕು. ಪೂಜೆಗೆ ಇಟ್ಟದ್ದನ್ನು ಮಾರನೆಯ ದಿನದ ತನಕ ಮುಟ್ಟುವ ಹಾಗಿಲ್ಲ. ಚಟ್ನಿಯನ್ನು ಹಿಂದಿನ ದಿನವೇ ರುಬ್ಬಿಟ್ಟುಕೊಳ್ಳುವ ಸೊಸೆ ಜಾಣೆ. ನಾನು ಆ ವರ್ಷವೂ ಮರೆತು ಚಟ್ನಿಪುಡಿ ಬಡಿಸಿದೆ.

ನಾನು ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದಾಗ ಮಾವ ವರಾಂಡದ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಸೇವಂತಿಗೆ ಸಿಕ್ಕಿಸಿದರು. ಅಷ್ಟಕ್ಕೇ ಬಿಡದೆ ರಾಗಿಯ ಪಟ್ಟಿಯನ್ನೂ ನಮ್ಮ ಯಜಮಾನರ ಕೈಯಲ್ಲಿ ಬಿಚ್ಚಿಸಿ ತಕ್ಕಡಿಯ ಪಕ್ಕ ಇಟ್ಟರು. ನಾನು ಹಿಟ್ಟಿನ ಕೈಯಲ್ಲಿ ಬಂದು ನೋಡುವಷ್ಟರಲ್ಲಿ ಮಂಗಳಾರತಿ ಆಗಿಹೋಗಿತ್ತು.

“ಮಾವ, ಅದನ್ನ ಯಾಕೆ ಆರಿಸಿದ್ರಿ? ರಾಗಿ ಆಚೆ ಹೋದ್ರೆ?”

“ಅದೂ ದುಡಿಯಾ ವಸ್ತು ಅಲ್ವಾಮ್ಮ. ಒಂದಿನ ಸುಧಾರುಸ್ಕೊಳ್ಳಿ ಬುಡು. ಗೇಟ್ ಹಾಕೊಂಡ್ರಾಯ್ತು.”

ಗೇಟು ಹಾಕಿಕೊಂಡರಾಯಿತು, ಸರಿ. ಆದರೆ ಸ್ಕೂಟರಿಗೆ ಪೂಜೆ ಮಾಡಿ ಬೂದುಗುಂಬಳಕಾಯಿ ಒಡೆಯಲು ಗೇಟು ತೆಗೆಯಲೇಬೇಕಲ್ಲ. ಯಜಮಾನರು ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಹಾಯಿಸಿ ರಸ್ತೆಗೆ ಇಳಿಸಿದರು, ಮಾವ ಕುಂಬಳಕಾಯಿಯನ್ನು ನೆಲಕ್ಕೆ ಅಪ್ಪಳಿಸಿದರು. ಅದೇ ಹೊತ್ತಿಗೆ ಎದುರು ಮನೆಯಿಂದ ಟುರ್ ಎಂದಿತು. ಬಿದ್ದ ಮೇಲೆ ಮೊದಲ ಸಲ, ಹಬ್ಬದ ದಿನ ಒಂದು ಸುತ್ತಾದರೂ ಹೋಗಲೇಬೇಕಲ್ಲ ಎಂದು, ಬಾಳೆಕಂದು ಕಟ್ಟಿದ ಮೊಪೆಡ್ ಏರಿ ಕಮಲಮ್ಮ ಹೊರಬಂದಿದ್ದರು.

ರಾಗಿಗೆ ಕುತ್ತಿಗೆ ಹಗುರವಾಗಿದ್ದು ತಿಳಿದಿತ್ತೋ, ಸದ್ದಿಗೆ ಮೈಮರೆತಳೋ, ಗೆರೆಯನ್ನೂ ಗೇಟನ್ನೂ ಒಂದೇ ನೆಗೆತಕ್ಕೆ ದಾಟಿದಳು. ನಾನು ಕಣ್ಣು ಮುಚ್ಚಿಕೊಂಡೆ. ಬೀಳುವ ಸದ್ದು ಕೇಳಲಿಲ್ಲ. ಕಣ್ಣು ಬಿಟ್ಟರೆ ಕಮಲಮ್ಮ ಗಾಡಿ ನಿಲ್ಲಿಸಿ, ಎರಡು ಕಾಲನ್ನೂ ನೆಲಕ್ಕೆ ಊರಿ, ಹೋಂವರ್ಕ್ ತರದ ಹುಡುಗಿಯನ್ನು ನೋಡುವ ಹಾಗೆ ರಾಗಿಯನ್ನು ನೋಡುತ್ತಿದ್ದರು. ರಾಗಿ ಬೊಗಳು ನುಂಗಿಕೊಂಡು ರಸ್ತೆಯ ಮಧ್ಯೆ ಕೂತಿದ್ದಳು. ಕಮಲಮ್ಮ ಗಾಡಿ ಎಳೆದು ತಮ್ಮ ಸುತ್ತು ಮುಗಿಸಲು ಹೋದರು.

ಕಷ್ಟ ಆಮೇಲೆ ಶುರುವಾಯಿತು. ಮನೆಗೆ ವಾಪಸು ಓಡಿಬಂದ ರಾಗಿ ಗೇಟಿನ ಹತ್ತಿರ ಗಕ್ಕನೆ ನಿಂತಳು. ಒಳಗೆ ಬರಬೇಕಾದರೆ ಗೆರೆ ದಾಟಬೇಕು. ಪೆಟ್ಟಿಗೆ ಆರಿದೆ, ಪಟ್ಟಿ ದೇವರ ಮುಂದಿದೆ ಎಂದು ಅವಳಿಗೆ ಹೇಳುವವರು ಯಾರು? ಮುಂಗಾಲು ಎತ್ತುವಳು, ಇಳಿಸುವಳು, ಕುಂಯ್ಗುಡುವಳು. ಹೋಳಿಗೆ ತೋರಿಸಿದೆ. ಕತ್ತು ಚಾಚಿ ಹೋಳಿಗೆ ತಿಂದಳು, ಕಾಲು ಮಾತ್ರ ಮುಂದಿಡಲಿಲ್ಲ. ನಾನು ಗೆರೆಯ ಮೇಲೆ ಕುಣಿದು ತೋರಿಸಿದೆ, ನಂಬಲಿಲ್ಲ. ಎತ್ತಿಕೊಳ್ಳಲು ಹೋದರೆ ಹೆದರಿ ಮೋರಿಯ ಆಚೆ ಹೋಗಿ ನಿಂತಳು. ಮಧ್ಯಾಹ್ನದ ಬಿಸಿಲಿನಲ್ಲಿ, ತನ್ನ ಮನೆಯ ಎದುರಿಗೇ ದಿಕ್ಕಿಲ್ಲದವಳ ಹಾಗೆ ಕೂತುಬಿಟ್ಟಳು. ನನಗೆ ಅಳು ಬಂತು. ಹಬ್ಬದ ದಿನ ಅಳಬಾರದೆಂದು ಒಳಗೆ ಹೋಗಿ ಅತ್ತೆ.

ಮಾವ ಊಟ ಮಾಡಲಿಲ್ಲ. ಜಗಲಿಯ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು. ಗೇಟು ದಾಟಿದರೆ ಮಂಡಕಳ್ಳಿ ಎಂದು ಅವರ ಬಾಯಿಂದಲೇ ಬಂದಿತ್ತು. ದಾಟುವ ಹಾಗೆ ಮಾಡಿದ್ದೂ ಅವರದೇ ಕೈ. ಸಾಯಂಕಾಲ ಕಮಲಮ್ಮ ನೇರ ನಮ್ಮ ಗೇಟಿಗೆ ಬಂದರು. ಮಾವ ಎದ್ದು ನಿಂತರು.

“ಮೇಡಂ, ನಾನು ಮಾತು ಕೊಟ್ಟಿದ್ದೆ. ನಾಳೆ ಹಬ್ಬ ಮುಗೀಲಿ. ನಾಡಿದ್ದು ಕಳುಸ್ತೀನಿ.”

“ಏನ್ ಮಾದಪ್ಪನೋರೇ,” ಕಮಲಮ್ಮ ಅಂದರು, “ಮನೆ ಒಳಕ್ಕೇ ಬರೋಕಾಗ್ದೆ ಬೆಳಗಿಂದ ಕೂತಿದೆ. ಅದನ್ನ ಇನ್ನೂ ಆಚೆಗೆ ಎಲ್ಲಿಗ್ರೀ ಕಳಿಸ್ತೀರಿ? ಮೊದ್ಲು ಒಳಗೆ ಕರ್ಕೊಳಿ.”

ಮಾವ ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಹೋದರು. ಮಡಿಕೆ ಮುರಿಯದ ಹಬ್ಬದ ರೇಷ್ಮೆ ಪಂಚೆ. ಮೋರಿಯ ಪಕ್ಕ ಮೊಣಕಾಲೂರಿ, “ಬಾರವ್ವ, ತಪ್ಪಾಯ್ತು,” ಎಂದರು. ಇಷ್ಟು ವರ್ಷ ಅವರ ಪಂಚೆ ಮುಟ್ಟದವಳು ತಲೆಯನ್ನು ಅದರೊಳಗೆ ಹುದುಗಿಸಿದಳು. ಅವರು ಅವಳನ್ನು ಮೂಟೆ ಎತ್ತುವ ಹಾಗೆ ಎತ್ತಿ, ಏದುಸಿರು ಬಿಡುತ್ತಾ ಗೇಟು ದಾಟಿಸಿದರು. ಗೆರೆಯ ಹತ್ತಿರ ಅವಳು ಕಣ್ಣು ಮುಚ್ಚಿಕೊಂಡಳು. ಒಳಗೆ ಇಳಿಸಿದ ಮೇಲೆ ಮೈ ಕೊಡವಿಕೊಂಡು, ನೇರ ಹೋಗಿ ಮೊಸರನ್ನದ ತಟ್ಟೆಯ ಮುಂದೆ ನಿಂತಳು.

ಮಂಡಕಳ್ಳಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಒಂದು ದಿನದ ರಜೆಗೆ ಹೋದ ಪೆಟ್ಟಿಗೆಯೂ ಮತ್ತೆ ಕೆಲಸಕ್ಕೆ ಬರಲಿಲ್ಲ. ಕೇಬಲ್ಲಿನವರು ಅಗೆದಾಗ ತಂತಿ ಕಿತ್ತುಬಂತು, ಸುತ್ತಿ ಗುಜರಿಗೆ ಹಾಕಿದೆವು. ಗೆರೆ ಮಾತ್ರ ರಾಗಿಯ ತಲೆಯಿಂದ ಹೋಗಲಿಲ್ಲ. ಬಿಸ್ಕತ್ತು, ಬೆಲ್ಲ, ಬೈಗುಳ, ಯಾವುದಕ್ಕೂ ಜಗ್ಗಲಿಲ್ಲ. ಹಾಗಾಗಿ ಪಾರ್ಕಿನಲ್ಲಿ ಗಾಳಿ ಕುಡಿಸಿಕೊಂಡು ಬರಲು ದಿನಾ ಬೆಳಿಗ್ಗೆ ಅವಳನ್ನು ಎತ್ತಿ ಆಚೆಗೆ, ಬಂದ ಮೇಲೆ ಎತ್ತಿ ಈಚೆಗೆ ದಾಟಿಸುವುದು ಮಾವನ ಕೆಲಸವಾಯಿತು. ಬೇರೆ ಯಾರಿಗೂ ಎತ್ತಲು ಅವಳೂ ಬಿಡುತ್ತಿರಲಿಲ್ಲ, ಅವರೂ ಬಿಡುತ್ತಿರಲಿಲ್ಲ. ಕೇಳಿದರೆ, “ನಂಗೂ ಒಂದ್ ಎಕ್ಸರ್‌ಸೈಜ್ ಕಣಮ್ಮ,” ಎನ್ನುತ್ತಿದ್ದರು.

ಹಲವು ವರ್ಷದ ಮೇಲೆ ಮಾವನಿಗೆ ಹರ್ನಿಯಾ ಆಪರೇಷನ್ ಆಯಿತು. ಡಾಕ್ಟರು, ನೀವು ದಿನಾ ಚೆನ್ನಾಗಿ ನಡೆಯಿರಿ, ಆದರೆ ಒಂದು ಬಿಂದಿಗೆ ನೀರನ್ನೂ ಎತ್ತಬೇಡಿ ಎಂದರು. ಮನೆಗೆ ಬಂದ ಮೊದಲ ದಿನ ಬೆಳಿಗ್ಗೆ ನಾನು ಬೇಗ ಎದ್ದೆ, ಇವರು ಹಟ ಮಾಡಿ ಎಲ್ಲಿ ಎತ್ತಿಬಿಡುತ್ತಾರೋ ಎಂದು. ಮಾವ ಆಗಲೇ ಟೋಪಿ, ಮಫ್ಲರು ಹಾಕಿಕೊಂಡು ಅಂಗಳದಲ್ಲಿದ್ದರು.

“ನೀವು ಪಾರ್ಕಿಗೆ ಹೋಗ್ಬನ್ನಿ ಮಾವ, ನಾನು ರಾಗಿ ಹತ್ರ ಇರ್ತೀನಿ,” ಅಂದೆ.

“ಪಾರ್ಕು ಎಲ್ಲಿಗೋಯ್ತದೆ ಬುಡು,” ಅಂದು ಅವರು ಕಾಂಪೌಂಡಿನ ಒಳಗೇ ನಡೆಯಲು ಶುರುಮಾಡಿದರು.

ಸಂಪಿಗೆ ಮರ, ನೀರಿನ ತೊಟ್ಟಿ, ಹಿತ್ತಲು, ದಾಸವಾಳದ ಗಿಡ, ಮತ್ತೆ ಅಂಗಳ. ಪಕ್ಕದಲ್ಲಿ ಮೂತಿ ಬೆಳ್ಳಗಾದ ರಾಗಿ. ಗೇಟು ಹಾರುಹೊಡೆದಿತ್ತು. ಅದರ ಮೂರಡಿ ಈಚೆಗೆ ಬಂದಾಗ ರಾಗಿ ನಿಂತು ತಿರುಗಿದಳು. ಮಾವನೂ ಅಲ್ಲೇ ನಿಂತು ತಿರುಗಿದರು.